ಹಿತ್ತಲಿನ ಬಿಸಿಲಿನ ಲೆಕ್ಕ



ನಮ್ಮ ಹಿತ್ತಲಿನಲ್ಲಿ ಒಂದು ದುಂಡು ಮಲ್ಲಿಗೆ ಗಿಡವಿತ್ತು. ಹನ್ನೊಂದು ವರ್ಷ ಕೈತುಂಬ ಹೂ ಕೊಟ್ಟ ಗಿಡ ಒಂದು ಬೇಸಿಗೆಯಲ್ಲಿ ಕೊಡುವುದನ್ನೇ ನಿಲ್ಲಿಸಿತು. ಒಣಗಲಿಲ್ಲ, ರೋಗವೂ ಬರಲಿಲ್ಲ. ಎಲೆ ಹಸಿರಾಗಿಯೇ ಇತ್ತು, ಕುಡಿ ಉದ್ದುದ್ದ ಚಾಚುತ್ತಲೂ ಇತ್ತು. ಹೂ ಮಾತ್ರ ಇಲ್ಲ. ಮಾರ್ಚ್ ಬಂತೆಂದರೆ ದಿನಕ್ಕೊಂದು ಬೊಗಸೆ ಮೊಗ್ಗು ಬಿಡಿಸುತ್ತಿದ್ದ ಜಾಗದಲ್ಲಿ ವಾರಕ್ಕೆ ನಾಲ್ಕು ಮೊಗ್ಗು ಸಿಕ್ಕರೆ ಹೆಚ್ಚು. ನಾನು ಕೊಟ್ಟಿಗೆ ಗೊಬ್ಬರ ಹಾಕಿದೆ, ಕಡಲೆಕಾಯಿ ಹಿಂಡಿ ನೆನೆಸಿ ಆ ನೀರು ಹುಯ್ದೆ, ಬುಡ ಬಿಡಿಸಿದೆ, ಕೊಂಬೆ ಸವರಿದೆ. ಮೂರು ವರ್ಷ ಇದೇ ಆಯಿತು.

ಕಾರಣ ಹೇಳಿದವರು ಬೆಳಿಗ್ಗೆ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುವ ಹೂವಿನಾಕೆ. ಮನೆಯಲ್ಲೇ ಗಿಡ ಇಟ್ಟುಕೊಂಡು ನನ್ನ ಹತ್ತಿರ ಮೊಳ ಹೂ ಕೊಳ್ಳುತ್ತೀರಲ್ಲ ಎಂದು ಆಕೆಗೆ ಆಶ್ಚರ್ಯ. ಒಳಗೆ ಕರೆದು ತೋರಿಸಿದೆ. ಆಕೆ ಗಿಡದ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಆಕಾಶ ನೋಡಿದರು. "ಅಮ್ಮಾ, ಗಿಡಕ್ಕೆ ಊಟ ಹಾಕ್ತಾ ಇದೀರ, ಬಿಸಿಲು ಎಲ್ಲಿದೆ?" ಅಂದರು.

ಆ ಒಂದು ಪ್ರಶ್ನೆಯಿಂದ ನಾನು ತೋಟಗಾರಿಕೆ ಕಲಿಯತೊಡಗಿದೆ ಎಂದರೆ ಸರಿ. ಅದಕ್ಕೆ ಮೊದಲು ಗಿಡ ಬೆಳೆಸುತ್ತಿದ್ದೆ, ಅಷ್ಟೆ. ಇವತ್ತು ನಿಮ್ಮೊಡನೆ ಹಂಚಿಕೊಳ್ಳುವುದು ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ನನ್ನ ಕೈಗೆ, ಕಣ್ಣಿಗೆ ತಿಳಿದ ಕೆಲವು ವಿಷಯ.

ನಮ್ಮ ಮನೆ ಇರುವುದು ಬೆಂಗಳೂರಿನ ಲಿಂಗರಾಜಪುರದಲ್ಲಿ. ಒಂದು ಕಡೆ ಕಾಕ್ಸ್ ಟೌನ್, ಇನ್ನೊಂದು ಕಡೆ ಕಮ್ಮನಹಳ್ಳಿ. ಮೂವತ್ತು-ನಲವತ್ತರ ಸೈಟು, ಒಂದೇ ಅಂತಸ್ತಿನ ಮನೆ, ಹಿಂದೆ ದಕ್ಷಿಣಕ್ಕೆ ಹತ್ತಡಿ ಅಗಲದ ಹಿತ್ತಲು. 1992ರಲ್ಲಿ ನಾವು ಬಂದಾಗ ಹಿಂದಿನ ಸೈಟು ಖಾಲಿ ಇತ್ತು. ಪಾರ್ಥೇನಿಯಂ ಬೆಳೆದು ನಿಂತಿತ್ತು, ಬಿಸಿಲಿಗೇನೂ ಕೊರತೆ ಇರಲಿಲ್ಲ. 2003ರಲ್ಲಿ ಅಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಮಲ್ಲಿಗೆ ಹೂ ನಿಂತದ್ದು ಅದರ ಮರುವರ್ಷ. ಎರಡನ್ನೂ ಜೋಡಿಸಿ ನೋಡುವುದು ನನಗೆ ಹೊಳೆದಿರಲಿಲ್ಲ. ಏಕೆಂದರೆ ಬೇಸಿಗೆಯಲ್ಲಿ ಹಿತ್ತಲಿಗೆ ಹೋದಾಗಲೆಲ್ಲ ಅಲ್ಲಿ ಬಿಸಿಲು ಇರುತ್ತಿತ್ತು. ನಾನು ಸರಿಯಾಗಿ ನೋಡದೆ ಇದ್ದದ್ದು ಚಳಿಗಾಲದ ಹಿತ್ತಲನ್ನು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಊರಿನಲ್ಲಿ ಕೈತೋಟ ಮಾಡುವವರು ಮೊದಲು ತಿಳಿದಿರಬೇಕಾದ ಲೆಕ್ಕ ಇದು. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ವರ್ಷದಲ್ಲಿ ಎರಡು ದಿನ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ನೆಹರು ತಾರಾಲಯದವರು ಇದನ್ನು ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸುತ್ತಾರೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ನಡುಹಗಲಲ್ಲಿ ನಮಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ದಕ್ಷಿಣದಲ್ಲಿ ಎಷ್ಟು ಎತ್ತರದ ಕಟ್ಟಡ ಇದ್ದರೂ ಆ ನಾಲ್ಕು ತಿಂಗಳ ನಡುಹಗಲಲ್ಲಿ ಅದರ ನೆರಳು ನಮ್ಮ ಮೇಲೆ ಬೀಳುವುದಿಲ್ಲ. ಡಿಸೆಂಬರಿನ ಕಥೆ ಬೇರೆ. ಡಿಸೆಂಬರ್ 21ರಂದು ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಆಗ ನೆರಳು ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದ. ಹಿಂದಿನ ಮನೆ 30 ಅಡಿ ಎತ್ತರ ಎಂದಿಟ್ಟುಕೊಳ್ಳಿ, ನೆರಳು 22 ಅಡಿ. ಅವರ ಗೋಡೆಗೂ ನಮ್ಮ ಕಾಂಪೌಂಡಿಗೂ ನಡುವೆ ಮೂರಡಿ ಜಾಗ. ಅಲ್ಲಿಂದ ಹತ್ತಡಿ ಹಿತ್ತಲು. ನೆರಳು ಹಿತ್ತಲು ದಾಟಿ ನಮ್ಮ ಅಡುಗೆಮನೆಯ ಕಿಟಕಿಯನ್ನೂ ಮುಚ್ಚುತ್ತದೆ.

ಹೂವಿನಾಕೆ ಹೇಳಿದ ಮೇಲೆ ನಾನು ಒಂದು ವರ್ಷ ಪೂರ್ತಿ ಒಂದೇ ಕೆಲಸ ಮಾಡಿದೆ. ಪ್ರತಿ ತಿಂಗಳು 21ನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡೂಕಾಲಿಗೆ, ಮೂರಕ್ಕೆ ಹಿತ್ತಲಿಗೆ ಹೋಗಿ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು, ಅಡಿಕೋಲಿನಲ್ಲಿ ಅಳೆದು, ಮಕ್ಕಳ ಹಳೆಯ ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡೆ. ಹನ್ನೆರಡೂಕಾಲು ಯಾಕೆಂದರೆ ನಮ್ಮೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹೆಚ್ಚುಕಡಿಮೆ ಆ ಹೊತ್ತಿಗೆ. ವರ್ಷ ಮುಗಿದಾಗ ಚಿತ್ರ ಸ್ಪಷ್ಟವಾಯಿತು. ಅಕ್ಟೋಬರ್ ಮೂರನೇ ವಾರದಿಂದ ಫೆಬ್ರವರಿ ಮೂರನೇ ವಾರದವರೆಗೆ ನಮ್ಮ ಹಿತ್ತಲಿನ ನೆಲಕ್ಕೆ ನಡುಹಗಲಿನ ಬಿಸಿಲು ಒಂದು ಗೇಣೂ ಇಲ್ಲ. ಮಾರ್ಚ್ 21ಕ್ಕೆ ಮನೆಯ ಕಡೆಯ ಆರಡಿಗೆ ಬಿಸಿಲು. ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಇಡೀ ಹಿತ್ತಲಿಗೆ ಬಿಸಿಲು.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ನವೆಂಬರ್ ಕೊನೆಯಿಂದ ಜನವರಿಯೊಳಗೆ ಸವರಿ, ಫೆಬ್ರವರಿಯಲ್ಲಿ ಚಿಗುರು ಬಲಿತು, ಮಾರ್ಚಿಗೆ ಮೊಗ್ಗಾಗಬೇಕು. ಚಿಗುರು ಬಲಿಯಬೇಕಾದ ಆ ಕಾಲವಿಡೀ ನಮ್ಮ ಗಿಡ ನೆರಳಿನಲ್ಲಿ ನಿಂತಿತ್ತು. ಗೊಬ್ಬರ ಹಾಕಿದಷ್ಟೂ ಎಲೆ ಬಂತು, ಬಿಸಿಲು ಇಲ್ಲದ್ದರಿಂದ ಹೂ ಬರಲಿಲ್ಲ. ಬುಡದ ಬಳಿ ಬೇರು ಬಿಟ್ಟಿದ್ದ ಮೂರು ಕೊಂಬೆಗಳನ್ನು ಬಿಡಿಸಿ ದೊಡ್ಡ ಕುಂಡಗಳಲ್ಲಿ ನೆಟ್ಟು ತಾರಸಿಗೆ ಒಯ್ದೆವು. ತಾರಸಿ ಹನ್ನೊಂದು ಅಡಿ ಎತ್ತರದಲ್ಲಿದೆ. ಅಲ್ಲಿಗೆ ಡಿಸೆಂಬರಿನಲ್ಲೂ ನೆರಳು ಬರುವುದು ಅಂಚಿನ ಒಂದೆರಡು ಅಡಿಗಷ್ಟೇ. ಎರಡನೆಯ ಬೇಸಿಗೆಗೆ ಮತ್ತೆ ಬೊಗಸೆ ತುಂಬಿತು.

ತಾರಸಿ ಎಂದಾಗ ಒಂದು ಎಚ್ಚರಿಕೆ. ಒದ್ದೆ ಮಣ್ಣು ಒಂದು ಘನ ಅಡಿಗೆ 50 ಕಿಲೋದಷ್ಟು ತೂಗುತ್ತದೆ. ಅರ್ಧ ಡ್ರಮ್ಮು ತುಂಬಿಸಿ ತಾರಸಿಯ ನಡುಮಧ್ಯೆ ಸಾಲಾಗಿ ಇಡಬಾರದು. ಗೋಡೆ, ತೊಲೆ ಎಲ್ಲಿ ಹಾದಿದೆಯೋ ಅದರ ಮೇಲೆ ಇಡಬೇಕು. ಮಣ್ಣಿನ ಪಾಲು ಕಡಿಮೆ ಮಾಡಿ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಸೇರಿಸಿದರೆ ತೂಕ ಇಳಿಯುತ್ತದೆ. ಈ ಊರಿನಲ್ಲಿ ತಾರಸಿ ತೋಟವನ್ನು ಮನೆಮನೆಯ ಮಾತಾಗಿಸಿದವರು ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್. ತಾರಸಿ ತೋಟದವರೆಲ್ಲ ಸೇರುವ 'ಊಟ ಫ್ರಮ್ ಯುವರ್ ತೋಟ' ಸಂತೆಗೆ ಹೋದರೆ ಇಂಥ ಲೆಕ್ಕಗಳನ್ನು ಮಾಡಿ ನೋಡಿದವರೇ ಎದುರಿಗೆ ಸಿಗುತ್ತಾರೆ.

ಹಿತ್ತಲನ್ನು ನಾವು ಬಿಡಲಿಲ್ಲ. ಅದರ ಸ್ವಭಾವಕ್ಕೆ ಒಪ್ಪುವ ಗಿಡ ಹುಡುಕಿದೆವು. ದೊಡ್ಡಪತ್ರೆ, ಒಂದೆಲಗ, ವೀಳ್ಯದೆಲೆ, ಈ ಮೂರಕ್ಕೂ ನಮ್ಮ ಹಿತ್ತಲು ಹೇಳಿ ಮಾಡಿಸಿದ ಜಾಗ. ವೀಳ್ಯದ ಬಳ್ಳಿಯಂತೂ ಬಿರುಬಿಸಿಲಿನಲ್ಲಿ ಎಲೆ ಸುಟ್ಟುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ತೇವ, ತಂಪು, ಹಬ್ಬಲು ಒಂದು ಗೋಡೆ. ಏಪ್ರಿಲ್ ಕೊನೆಯಲ್ಲಿ ಬೆಂಡೆ ಬಿತ್ತಿದರೆ ಆಗಸ್ಟ್‌ವರೆಗೆ ಕೊಯ್ಯಬಹುದು, ಅಷ್ಟರೊಳಗೆ ಬಿಸಿಲೂ ಮುಗಿದಿರುತ್ತದೆ, ಗಿಡವೂ ಮುಗಿದಿರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ನಾನು ಹಾಕುತ್ತೇನೆ. ಎಲೆಯ ನರ ಹಳದಿಯಾಗುವ ನಂಜುರೋಗವನ್ನು ಅದು ತಡೆದುಕೊಳ್ಳುತ್ತದೆ. ಅಂದಹಾಗೆ ಆ ಸಂಸ್ಥೆಯ ತಳಿಗಳಿಗೆಲ್ಲ ಅರ್ಕಾ ಎಂಬ ಹೆಸರು ಬಂದದ್ದು ಅರ್ಕಾವತಿ ನದಿಯಿಂದ.

ಬೆಳಕು ಕಡಿಮೆಯಾಗಿ ಮಲ್ಲಿಗೆ ಹೂ ನಿಲ್ಲಿಸಿತಷ್ಟೆ. ಬೆಳಕು ಹೆಚ್ಚಾಗಿ ಹೂ ನಿಲ್ಲಿಸಿದ ಗಿಡವನ್ನೂ ನಮ್ಮ ಮನೆಯಲ್ಲೇ ಕಂಡೆ. ಮುಂಬಾಗಿಲ ಮೆಟ್ಟಿಲಿನ ಎರಡೂ ಪಕ್ಕ ಹಳದಿ ಸೇವಂತಿಗೆ ಕುಂಡ ಇಟ್ಟಿದ್ದೆ. ಎರಡೂ ಒಂದೇ ತಾಯಿಗಿಡದ ಕಡ್ಡಿ, ಒಂದೇ ಮಣ್ಣು, ಒಂದೇ ದಿನ ನೆಟ್ಟದ್ದು. ನವೆಂಬರಿನಲ್ಲಿ ಎಡಗಡೆಯದು ಎಲೆಯೇ ಕಾಣದಷ್ಟು ಹೂ ಬಿಟ್ಟಿತು. ಬಲಗಡೆಯದರಲ್ಲಿ ಮೊಗ್ಗಿನ ಸುಳಿವೂ ಇಲ್ಲ. ಒಂದು ರಾತ್ರಿ ಗೇಟಿಗೆ ಬೀಗ ಹಾಕಲು ಹೊರಗೆ ಬಂದಾಗ ನೋಡಿದೆ, ಬಲಗಡೆಯ ಕುಂಡದ ಮೇಲೆ ಬೀದಿದೀಪದ ಬೆಳಕು ಹಗಲಿನ ಹಾಗೆ ಸುರಿಯುತ್ತಿತ್ತು. ಎಡಗಡೆಯ ಕುಂಡ ಗೇಟಿನ ಕಂಬದ ಮರೆಯಲ್ಲಿತ್ತು.

ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುವ ಗಿಡ. ರಾತ್ರಿ ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ನಡುವೆ ದೀಪ ಉರಿದರೆ ಅದರ ಪಾಲಿಗೆ ರಾತ್ರಿ ಆಗಿಯೇ ಇಲ್ಲ. ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಸಾಲು ಸಾಲಾಗಿ ಬಲ್ಬು ಉರಿಯುವುದನ್ನು ಕಂಡಿರಬಹುದು. ಯಾವುದೋ ಜಾತ್ರೆಯೋ ಮದುವೆಯೋ ಎಂದು ನಾನು ಮೊದಲು ತಿಳಿದಿದ್ದೆ. ಅದು ಸೇವಂತಿಗೆ ತೋಟ. ಗಿಡ ಎತ್ತರಕ್ಕೆ ಬೆಳೆದು ಬೇಕಾದ ಹಬ್ಬಕ್ಕೆ ಸರಿಯಾಗಿ ಹೂ ಬಿಡಲೆಂದು ಅಷ್ಟು ದಿನ ಬೆಳಕು ಕೊಟ್ಟು ಮೊಗ್ಗನ್ನು ತಡೆಯುತ್ತಾರೆ. ನಾನು ಬಲಗಡೆಯ ಕುಂಡವನ್ನು ಮನೆಯ ಪಕ್ಕದ ಓಣಿಗೆ, ಕತ್ತಲಿರುವ ಕಡೆಗೆ ಸರಿಸಿದೆ. ಮೂರು ವಾರ ಕಳೆದ ಮೇಲೆ ತುದಿಗಳಲ್ಲಿ ಸಾಸಿವೆಕಾಳಿನಷ್ಟು ಮೊಗ್ಗು. ಸಂಕ್ರಾಂತಿ ಕಳೆದ ಮೇಲೆ ಹೂವಾಯಿತು.

ನಮ್ಮ ಅವರೆಯೂ ಇದೇ ಜಾತಿಯದು. ಹಳೆಯ ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಹಗಲು ಕುಗ್ಗುವ ತನಕ ಬಳ್ಳಿ ಹಬ್ಬಿಸುತ್ತಲೇ ಇರುತ್ತದೆ. ಅದಕ್ಕೇ ಸೊಗಡಿನ ಅವರೆ ಸಿಗುವುದು ಚಳಿಗಾಲದಲ್ಲಿ. ಹಗಲಿನ ಹಂಗಿಲ್ಲದೆ ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿದ್ದಾರೆ. ಕುಂಡದಲ್ಲಿ ಬೆಳೆಯುವವರಿಗೆ ಆ ಗಿಡ್ಡ ತಳಿ ಅನುಕೂಲ. ಸೊಗಡು ಬೇಕೆನ್ನುವವರು ಕಾಯಬೇಕು. ನಾನು ಕಾಯುವ ಪೈಕಿ.

ಇನ್ನು ಮಣ್ಣಿನ ಮಾತು. ನನ್ನ ತವರು ಉಡುಪಿಯ ಕಡೆ. ಅಲ್ಲಿ ಮನೆಯ ಮುಂದೆ ಕೆಂಪು ಕೇಪಳ ಯಾರ ಆರೈಕೆಯೂ ಇಲ್ಲದೆ ಬೇಲಿಯಂತೆ ಬೆಳೆದಿತ್ತು. ಅದರ ನಾಲ್ಕು ಸಸಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಹೊರಡುವಾಗ ಅಮ್ಮ, "ಒಂದು ಬುಟ್ಟಿ ಮಣ್ಣೂ ತಗೊಂಡು ಹೋಗು ಮಗಾ" ಅಂದಿದ್ದರು. ಮಣ್ಣು ಎಲ್ಲ ಕಡೆ ಮಣ್ಣೇ ಎಂದು ಬಿಟ್ಟು ಬಂದೆ. ಆರು ತಿಂಗಳಲ್ಲಿ ಕೇಪಳದ ಎಲೆಗಳು ಹಳದಿಗೆ ತಿರುಗಿದವು. ಹೇಗೆಂದರೆ ಎಲೆಯ ನರಗಳು ಮಾತ್ರ ಹಸಿರು, ನಡುವಿನ ಭಾಗವೆಲ್ಲ ತಿಳಿ ಹಳದಿ, ಹಸಿರು ದಾರದಲ್ಲಿ ಬಲೆ ಹೆಣೆದ ಹಾಗೆ. ಹೊಸ ಎಲೆಗಳಲ್ಲೇ ಇದು ಹೆಚ್ಚು.

ಹಾರೆಯಿಂದ ಬುಡ ಅಗೆದು ನೋಡಿದೆ. ಮೇಲಿನ ಅರ್ಧ ಅಡಿ ಕೆಂಪು ಮಣ್ಣು. ಕೆಳಗೆಲ್ಲ ಮನೆ ಕಟ್ಟುವಾಗ ತುಂಬಿದ ರಬೀಶು. ಇಟ್ಟಿಗೆ ಚೂರು, ಗಟ್ಟಿಯಾದ ಗಾರೆ, ಸಿಮೆಂಟಿನ ಉಂಡೆ. ಬಿಳಿ ಚೂರೊಂದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಎದ್ದಿತು. ಸುಣ್ಣ! ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅಷ್ಟು ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು, ಅಲ್ಲಿನ ಜಂಬಿಟ್ಟಿಗೆ ಮಣ್ಣು ಹುಳಿಯಾಗಿರುತ್ತದೆ. ಕೇಪಳಕ್ಕೆ ಹುಳಿಮಣ್ಣೇ ಬೇಕು. ಬೆಂಗಳೂರಿನ ಮಳೆ 970 ಮಿಲಿಮೀಟರ್ ಆಸುಪಾಸು. ಅದರ ಮೇಲೆ ಗಾರೆಯ ಸುಣ್ಣ, ಕೊಳವೆಬಾವಿಯ ಗಡಸು ನೀರು. ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿದ್ದರೂ ಸುಣ್ಣ ಹೆಚ್ಚಾದರೆ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ನಮ್ಮ ಗಿಡಗಳಿಗೆ ಆದದ್ದು ಅದೇ.

ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ ರಬೀಶನ್ನೆಲ್ಲ ತೆಗೆಸಿ, ಹೊಸ ಕೆಂಪು ಮಣ್ಣು, ಕೊಳೆತ ತರಗೆಲೆ, ಹಳೆಯ ಸಗಣಿ ಗೊಬ್ಬರ ತುಂಬಿ ನೆಟ್ಟೆ. ತಾರಸಿಯ ಮಳೆನೀರನ್ನು ಒಂದು ಸಿಂಟೆಕ್ಸ್ ಡ್ರಮ್ಮಿಗೆ ಹಿಡಿದು ಕೇಪಳಕ್ಕೆ ಅದನ್ನೇ ಹಾಕುತ್ತೇನೆ. ನಾಲ್ಕರಲ್ಲಿ ಎರಡು ಉಳಿದವು. ಈಗ ಬೆಂಗಳೂರಿನಲ್ಲಿ ಯಾರಾದರೂ ಹೊಸ ಮನೆಗೆ ಹೋಗಿ, ಯಾವ ಗಿಡ ಹಾಕಲಿ ಎಂದು ಕೇಳಿದರೆ, ಮೊದಲು ಒಂದು ಗುಂಡಿ ತೋಡಿ ಏನಿದೆ ನೋಡಿ ಎನ್ನುತ್ತೇನೆ.

ನಾನು ತಂದ ಗಿಡ ಸೋತ ಕಥೆ ಹೇಳಿದೆ. ತಂದ ಗಿಡ ಗೆದ್ದ ಕಥೆಯೂ ಇದೆ. ಅದು ನಮ್ಮ ಊರಿನದ್ದೇ ದೊಡ್ಡ ಕಥೆ. ಲಾಲ್‌ಬಾಗಿನ ಮುಖ್ಯಸ್ಥರಾಗಿ 1874ರಿಂದ 1908ರವರೆಗೆ ಇದ್ದವರು ಜಾನ್ ಕ್ಯಾಮರಾನ್. ಹೊರನಾಡಿನ ಗಿಡಗಳನ್ನು ತರಿಸಿ ಇಲ್ಲಿನ ಹವೆಗೆ ಒಗ್ಗುತ್ತದೆಯೇ ಎಂದು ಬೆಳೆಸಿ ನೋಡಿ, ಒಗ್ಗಿದ್ದನ್ನು ಸುತ್ತಲ ರೈತರಿಗೆ ಹಂಚುವುದು ಆಗ ಲಾಲ್‌ಬಾಗಿನ ಮುಖ್ಯ ಕೆಲಸ. ಕ್ಯಾಮರಾನರು ಹಾಗೆ ನೆಲೆಗೊಳಿಸಿದ್ದರಲ್ಲಿ ಒಂದು ಸೀಮೆಬದನೆ. ಮೂಲ ಮೆಕ್ಸಿಕೋದ ಕಡೆಯದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಅದಕ್ಕೆ ಎಷ್ಟು ಹಿಡಿಸಿತೆಂದರೆ, ತಮಿಳಿನಲ್ಲಿ ಅದರ ಹೆಸರೇ 'ಬೆಂಗಳೂರು ಕತ್ತರಿಕ್ಕಾಯ್', ತೆಲುಗಿನಲ್ಲಿ 'ಬೆಂಗಳೂರು ವಂಕಾಯ'. ನಮ್ಮ ಬೀದಿಯಲ್ಲಿ ಮೂರು ಭಾಷೆಯವರೂ ಇದ್ದಾರೆ. ನಮ್ಮ ಪಾಲಿಗೆ ಅದು ಸೀಮೆಯಿಂದ ಬಂದ ಬದನೆ, ಅವರ ಪಾಲಿಗೆ ನಮ್ಮೂರಿನ ಬದನೆ.

ಸೀಮೆಬದನೆ ನೆಡುವುದನ್ನು ನನಗೆ ಕಲಿಸಿದವರು ಮೂರು ಮನೆ ಆಚೆ ಹೆಂಚಿನ ಮನೆಯಲ್ಲಿದ್ದ ಆಂಗ್ಲೋ ಇಂಡಿಯನ್ ಮುದುಕಿ. ಬೀದಿಗೆಲ್ಲ ಅವರು ಆಂಟಿ. ಅವರ ಮೇಜಿನ ಮೇಲೆ ಬೆಂಗಳೂರಿನ ಕೆ.ಎಸ್. ಗೋಪಾಲಸ್ವಾಮಿ ಅಯ್ಯಂಗಾರ್ ಬರೆದ 'ಕಂಪ್ಲೀಟ್ ಗಾರ್ಡನಿಂಗ್ ಇನ್ ಇಂಡಿಯಾ' ಸದಾ ಇರುತ್ತಿತ್ತು, ಬೆನ್ನುಪಟ್ಟಿ ಕಿತ್ತು ಬಟ್ಟೆ ಅಂಟಿಸಿದ ಪ್ರತಿ. 1935ರಲ್ಲಿ ಮೊದಲು ಅಚ್ಚಾದ ಆ ಪುಸ್ತಕವನ್ನು ಈಗಲೂ ಜನ ಹುಡುಕಿ ಓದುತ್ತಾರೆ. ನಾನು ಸೀಮೆಬದನೆ ಹೆಚ್ಚಿ ಬೀಜ ತೆಗೆಯಲು ಹೊರಟಾಗ ಆಂಟಿ ಕೈ ತಡೆದರು. "ಕಟ್ ಮಾಡ್ಬೇಡ ಮಾ, ಫುಲ್ ಕಾಯಿನೇ ಹಾಕ್ಬೇಕು."

ಸೀಮೆಬದನೆಯ ಒಳಗೆ ಇರುವುದು ಒಂದೇ ಬೀಜ, ಚಪ್ಪಟೆ, ಮೆತ್ತಗೆ. ತಿರುಳಿನಿಂದ ಬೇರೆ ಮಾಡಿದರೆ ಅದು ಕೊಳೆಯುತ್ತದೆ. ಚೆನ್ನಾಗಿ ಬಲಿತ ಕಾಯನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟರೆ ಎರಡು ಮೂರು ವಾರದಲ್ಲಿ ಅಗಲವಾದ ತುದಿಯ ಸೀಳು ಬಾಯಿ ತೆರೆದು ನಾಲಿಗೆ ಚಾಚಿದ ಹಾಗೆ ಮೊಳಕೆ ಹೊರಬರುತ್ತದೆ. ಮೊಳಕೆ ಗೇಣುದ್ದ ಆದಾಗ ಇಡೀ ಕಾಯನ್ನು ಓರೆಯಾಗಿ ಮಲಗಿಸಿ ಅರ್ಧ ಮಣ್ಣಿನಲ್ಲಿ ಹೂತು, ಮೊಳಕೆಯ ಭಾಗ ಹೊರಗಿರುವಂತೆ ಬಿಡಬೇಕು. ಕಾಯಿಯ ತಿರುಳೇ ಅದಕ್ಕೆ ಮೊದಲ ಊಟ. ಜೂನಿನಲ್ಲಿ ನೆಟ್ಟ ಬಳ್ಳಿ ದೀಪಾವಳಿಯ ಹೊತ್ತಿಗೆ ಕಾಯಿ ಕೊಡತೊಡಗಿತು. ನಮ್ಮ ಹಿತ್ತಲಿಗೆ ಇದಕ್ಕಿಂತ ಒಪ್ಪುವ ಗಿಡ ನಾನು ಕಾಣೆ. ಅದರ ಬೇರಿಗೆ ತಂಪು, ತೇವ ಬೇಕು, ತಲೆಗೆ ಬಿಸಿಲು ಬೇಕು. ಬುಡ ಹಿತ್ತಲಿನ ನೆರಳಿನಲ್ಲಿದೆ, ಬಳ್ಳಿ ಹಗ್ಗ ಹಿಡಿದು ಹನ್ನೊಂದು ಅಡಿ ಹತ್ತಿ ತಾರಸಿಯ ಚಪ್ಪರದ ಬಿಸಿಲು ಸೇರಿದೆ. ಮಲ್ಲಿಗೆಯನ್ನು ನಾನೇ ಹೊತ್ತು ಮೇಲೆ ಒಯ್ಯಬೇಕಾಯಿತು, ಇದು ತಾನೇ ಹತ್ತಿ ಹೋಯಿತು.

ಆಂಟಿ ಈಗಿಲ್ಲ. ಆ ಹೆಂಚಿನ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದಿದೆ. ಅವರು ಕೊಟ್ಟ ಕಾಯಿಯ ಸಂತಾನ ನಮ್ಮ ಬೀದಿಯ ಐದಾರು ಮನೆಗಳ ಚಪ್ಪರದ ಮೇಲಿದೆ. ಅವರಿಂದ ಕಲಿತ ಇನ್ನೊಂದು ಪಾಠ, ನರ್ಸರಿಗೆ ಹೋಗುವ ಮೊದಲು ಬೀದಿ ಸುತ್ತಬೇಕು. ಅಕ್ಕಪಕ್ಕದ ಕಾಂಪೌಂಡುಗಳಲ್ಲಿ ಹತ್ತು ವರ್ಷದಿಂದ ಬದುಕಿರುವ ಗಿಡ ಯಾವುದು ಎಂದು ನೋಡಬೇಕು. ಅದೇ ಮಣ್ಣು, ಅದೇ ನೀರು, ಅದೇ ಗಾಳಿ ತಿಂದು ಉಳಿದ ಗಿಡ ನಮ್ಮಲ್ಲೂ ಉಳಿಯುತ್ತದೆ. ಒಂದು ಕಡ್ಡಿ ಕೇಳಿದರೆ ಇಲ್ಲ ಎನ್ನುವವರು ನಮ್ಮ ಬೀದಿಯಲ್ಲಿ ನನಗೆ ಸಿಕ್ಕಿಲ್ಲ.

ನರ್ಸರಿಗೆ ಹೋಗುವವರಿಗೆ ಎರಡು ಮಾತು. ಹೂ ತುಂಬಿದ ಗಿಡದ ಕಡೆಗೇ ಕೈ ಹೋಗುತ್ತದೆ. ಹೂವಿಗಿಂತ ಮೊದಲು ಬುಡ ನೋಡಿ. ಸಂಪಿಗೆಯನ್ನೇ ತೆಗೆದುಕೊಳ್ಳಿ. ಬೀಜದಿಂದ ಬೆಳೆಸಿದ ಸಸಿ ಎತ್ತರವಾಗಿ, ನೋಡಲು ಗಟ್ಟಿಯಾಗಿ ಇರುತ್ತದೆ, ಬೆಲೆಯೂ ಕಡಿಮೆ. ಅದು ಹೂ ಬಿಡಲು ಎಂಟು ಹತ್ತು ವರ್ಷ ಬೇಕು, ಅಷ್ಟರಲ್ಲಿ ಮೂವತ್ತು-ನಲವತ್ತರ ಸೈಟಿಗೆ ಅದು ದೊಡ್ಡ ಮರ. ಕಸಿ ಸಂಪಿಗೆಯ ಬುಡದಲ್ಲಿ ಒಂದು ಗಂಟು ಕಾಣುತ್ತದೆ. ಅದು ಎರಡು ಮೂರು ವರ್ಷಕ್ಕೇ ಹೂ ಬಿಡುತ್ತದೆ, ಗಿಡವೂ ಕೈಗೆ ಎಟುಕುವಷ್ಟೇ ಇರುತ್ತದೆ. ಗುಲಾಬಿಯಲ್ಲೂ ಆ ಗಂಟನ್ನು ನೆನಪಿಟ್ಟುಕೊಳ್ಳಬೇಕು. ಗಂಟಿನ ಕೆಳಗಿನಿಂದ ಏಳುವ ಚಿಗುರು ನೀವು ಕೊಂಡ ಗುಲಾಬಿಯದಲ್ಲ, ಬೇರಿಗಾಗಿ ಬಳಸಿದ ಕಾಡುಗುಲಾಬಿಯದು. ಅದು ಜೋರಾಗಿ ಬೆಳೆಯುತ್ತದೆಂದು ಖುಷಿಪಟ್ಟು ಬಿಟ್ಟರೆ ಎರಡು ವರ್ಷದಲ್ಲಿ ಮೇಲಿನ ಕಸಿ ಸತ್ತು, ಮುಳ್ಳಿನ ಪೊದೆ ಉಳಿಯುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಅದು ಹುಟ್ಟಿದ ಕಡೆಯಿಂದಲೇ ಕಿತ್ತು ತೆಗೆಯಬೇಕು.

ಮರದ ವಿಷಯಕ್ಕೆ ಬಂದರೆ, ಗಿಡ ನೆಡುವಾಗ ಅದರ ಮೂವತ್ತನೆಯ ವರ್ಷವನ್ನು ಕಣ್ಣಮುಂದೆ ತಂದುಕೊಳ್ಳುವುದು ನಮ್ಮ ಊರಿಗೆ ಹೊಸದಲ್ಲ. ಕ್ಯಾಮರಾನರ ನಂತರ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ, ವರ್ಷವಿಡೀ ಊರಿನ ಯಾವುದಾದರೂ ರಸ್ತೆ ಹೂವಿನಲ್ಲಿರುವಂತೆ ಬೀದಿಮರಗಳನ್ನು ಆರಿಸಿದರು. 1932ರಲ್ಲಿ ನಿವೃತ್ತರಾದ ಅವರ ಆಯ್ಕೆಯ ಫಲವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ. ನಮ್ಮ ಸಣ್ಣ ಸೈಟಿನಲ್ಲಿ ಕಾಂಪೌಂಡಿಗೆ ಮೂರಡಿ ಬಿಟ್ಟು ಹಲಸು ನೆಡುವ ಮುನ್ನ ಇಂಥ ದೂರದ ನೋಟ ಸ್ವಲ್ಪವಾದರೂ ಬೇಕು. ನಾನು ನೆಟ್ಟ ಹಲಸು ಹದಿನಾಲ್ಕನೆಯ ವರ್ಷಕ್ಕೆ ಕಾಂಪೌಂಡು ಸೀಳಿತು. ಬೆಳೆದ ಮರ ಕಡಿಸಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಯದಾಗಿ ಪರಂಗಿ ಗಿಡದ ಮಾತು. 2010ರ ಬೇಸಿಗೆಯಲ್ಲಿ ನಮ್ಮ ಪರಂಗಿಯ ಎಲೆಯಡಿ, ಕಾಯಿಯ ಮೇಲೆ, ಆಮೇಲೆ ಪಕ್ಕದ ದಾಸವಾಳದ ತುದಿಗಳಲ್ಲೆಲ್ಲ ಬಿಳಿ ಹಿಟ್ಟು ಮೆತ್ತಿದ ಹಾಗೆ ತಿಗಣೆ ಮುತ್ತಿತು. ಎಲೆ ಮುದುಡಿ, ಅಂಟು ಸುರಿದು, ಅದರ ಮೇಲೆ ಕಪ್ಪು ಬೂಷ್ಟು. ಬೀದಿಯಲ್ಲಿ ಒಂದು ಪರಂಗಿಯೂ ಬಿಡಲಿಲ್ಲ. ಔಷಧಿ ಅಂಗಡಿಯಲ್ಲಿ ಒಂದು ವಿಷದ ಹೆಸರು ಹೇಳಿ ಹೊಡೆಯಿರಿ ಎಂದರು. ಹೊಡೆದ ಮನೆಯವರ ಗಿಡದಲ್ಲೂ ಅದು ಹದಿನೈದು ದಿನಕ್ಕೆ ಮರಳಿತು, ಮೈಮೇಲಿನ ಮೇಣದ ಹಿಟ್ಟನ್ನು ದಾಟಿ ಔಷಧಿ ಒಳಗೆ ಹೋಗುವುದೇ ಕಷ್ಟ. ಹೆಬ್ಬಾಳದ ಕಡೆ ಕೆಲಸ ಮಾಡುತ್ತಿದ್ದ ಪರಿಚಯದವರೊಬ್ಬರು, "ಅಕ್ಕಾ, ವಿಷ ಹೊಡೀಬೇಡಿ, ಸೋಪಿನ ನೀರಲ್ಲಿ ತೊಳೆದು ಸ್ವಲ್ಪ ದಿನ ತಾಳಿ. ಇದನ್ನ ತಿನ್ನೋ ಹುಳ ತರಿಸಿದ್ದಾರೆ" ಅಂದರು.

ಅವರು ಹೇಳಿದ್ದು ನಿಜವಾಗಿತ್ತು. ಆ ತಿಗಣೆ ನಮ್ಮ ದೇಶದ್ದಲ್ಲ, ಮೆಕ್ಸಿಕೋದ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು ದಕ್ಷಿಣ ಭಾರತವೆಲ್ಲ ಹರಡಿತು. ಅದರ ತವರಿನಲ್ಲಿ ಅದನ್ನು ಹತೋಟಿಯಲ್ಲಿಡುವ ಶತ್ರುಗಳಿದ್ದವು, ಇಲ್ಲಿ ಇರಲಿಲ್ಲ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಉಪಯುಕ್ತ ಕೀಟಗಳ ಸಂಸ್ಥೆಯವರು 2010ರಲ್ಲಿ ಪ್ಯೂರ್ಟೋರಿಕೋದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಸಾಕಿ, ಬಿಡುಗಡೆ ಮಾಡಿದರು. ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ ಕಣಜ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದ ತಿಂದು ಬೆಳೆಯುತ್ತದೆ. ನಮ್ಮ ಮನೆಯಿಂದ ಹತ್ತು ಕಿಲೋಮೀಟರಿನೊಳಗೆ ಇಂಥ ಕೆಲಸ ನಡೆಯಿತೆಂಬುದು ನನಗೆ ಹೆಮ್ಮೆ. ಮುಂದಿನ ವರ್ಷಗಳಲ್ಲಿ ಬಿಳಿ ಹಿಟ್ಟು ತಾನಾಗಿ ಇಳಿಯಿತು. ಮಸೂರದಲ್ಲಿ ನೋಡಿದರೆ ಸತ್ತ ತಿಗಣೆಗಳು ಕಂದುಬಣ್ಣದ ಪೊಳ್ಳು ಸಿಪ್ಪೆಯಾಗಿ ಎಲೆಗೆ ಅಂಟಿದ್ದವು, ಒಂದೊಂದರ ಮೈಯಲ್ಲೂ ಕಣಜ ಹೊರಬಂದ ದುಂಡನೆಯ ತೂತು. ಅವತ್ತು ವಿಷ ಹೊಡೆದಿದ್ದರೆ ಕಣಜವೂ ಸಾಯುತ್ತಿತ್ತು. ಈಗಲೂ ಪರಂಗಿ ಹಾಕುತ್ತೇನೆ. ಒಂದು ಗುಂಡಿಗೆ ಮೂರು ಸಸಿ ನೆಟ್ಟು, ಹೂ ಕಂಡ ಮೇಲೆ ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಹೂ ಬಿಡುವ ಗಂಡುಗಿಡಗಳನ್ನು ತೆಗೆದುಬಿಡುತ್ತೇನೆ.

ಈಗ ನವೆಂಬರ್ ಕೊನೆಯ ವಾರ. ತಾರಸಿಯ ಮಲ್ಲಿಗೆಗೆ ನೀರು ನಿಲ್ಲಿಸಿ ಹತ್ತು ದಿನವಾಯಿತು. ಎಲೆ ಬಾಡಿ ಉದುರುತ್ತಿದೆ. ಬರುವ ಭಾನುವಾರ ಮಂಡಿಯೆತ್ತರಕ್ಕೆ ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಕಟ್ಟಬೇಕು. ಪಕ್ಕದ ಪೂರ್ವದ ಸೈಟಿನಲ್ಲಿ ನಿನ್ನೆಯಿಂದ ಜೆಸಿಬಿ ಪಾಯ ತೆಗೆಯುತ್ತಿದೆ. ಎಷ್ಟು ಅಂತಸ್ತು ಎಂದು ಕೇಳಿದೆ, ನಾಲ್ಕು ಅಂದರು. ಬೆಳಗಿನ ಬಿಸಿಲು ಇನ್ನು ಮುಂದೆ ಎಷ್ಟು ಹೊತ್ತಿಗೆ ಬರುತ್ತದೋ ನೋಡಬೇಕು. ಡಿಸೆಂಬರ್ 21ಕ್ಕೆ ಸುಣ್ಣ, ಅಡಿಕೋಲು, ಹೊಸ ಗ್ರಾಫ್ ಪುಸ್ತಕ ತೆಗೆದಿಟ್ಟಿದ್ದೇನೆ.